ಸಂಧಾನಕ್ಕೆ ಬಂದವನು

ಭಾನುವಾರ ಸಂಜೆ ಐದು ಗಂಟೆಗೆ ಮತೀನ್ ಕಂಪ್ಯೂಟರ್ ಸೆಂಟರಿನ ಬಾಗಿಲು ತಳ್ಳಿದ. ಕಿಶನ್ ನೆಲದ ಮೇಲೆ ಬೋರಲು ಬಿದ್ದಿದ್ದ. ತಲೆಯ ಹತ್ತಿರ ರಕ್ತ, ಪಕ್ಕದಲ್ಲಿ ಕಬ್ಬಿಣದ ಸ್ಟೂಲು. ಆಚೆ ಮೇಜಿನ ಮೇಲಿದ್ದ ಮಾನಿಟರ್ ಚೂರುಚೂರಾಗಿತ್ತು. ಮತೀನ್ ಕೂಗಿದ ಕೂಗಿಗೆ ಪಾಂಡವಪುರದ ಬಸ್ ಸ್ಟ್ಯಾಂಡ್ ಬೀದಿಯೇ ಮೆಟ್ಟಿಲು ಹತ್ತಿ ಬಂತು.

ಅರ್ಧ ಗಂಟೆಯೊಳಗೆ ಅದೇ ಬೀದಿ ಅವನನ್ನೇ ಕೊಲೆಗಾರ ಎಂದಿತು. ಬೀದಿಗೆ ಅಷ್ಟು ಹೊತ್ತು ಧಾರಾಳ.

ಕಾರಣವೂ ಸಿಕ್ಕಿತ್ತು. ಗೆಳೆಯರಿಬ್ಬರೂ ಎರಡು ವರ್ಷದಿಂದ ಒಂದು ವಿಡಿಯೋ ಗೇಮ್ ಕಟ್ಟುತ್ತಿದ್ದರು. ಕೋಟೆ, ಸೈನ್ಯ, ಒಪ್ಪಂದ, ಯುದ್ಧದ ಆಟ. ಶನಿವಾರ ಅದರ ಮೇಲೇ ಜೋರು ಜಗಳವಾಗಿತ್ತು. ಇಂಥ ಆಟ ಹೊರಗೆ ಹೋಗುವುದಕ್ಕಿಂತ ಒಡೆದು ಹಾಕುವುದೇ ವಾಸಿ ಎಂದು ಮತೀನ್ ಕಿರುಚಿದ್ದು ಕೆಳಗಿನ ಟೀ ಅಂಗಡಿಯವರೆಗೂ ಕೇಳಿತ್ತು.

ಸಬ್ ಇನ್‌ಸ್ಪೆಕ್ಟರ್ ಪ್ರಮೀಳಾ ಅವನನ್ನು ಸ್ಟೇಷನ್ನಿನಲ್ಲಿ ಕೂರಿಸಿದಳು. ಕೆ.ಆರ್. ಪೇಟೆ ಕಡೆಯಿಂದ ಕಿಶನ್‌ನ ತಂದೆ ಕುಳ್ಳಯ್ಯ ಜೀಪು ಮಾಡಿಕೊಂಡು ಬಂದ. ಊರಿನ ದೊಡ್ಡ ಕುಳ. ಅಳಲಿಲ್ಲ.

"ಅವನ್ನ ನನ್ ಕೈಗ್ ಕೊಟ್ಬುಡಿ ಮೇಡಮ್ಮೋರೆ. ಕೋರ್ಟು ಗೀರ್ಟು ಬ್ಯಾಡ," ಎಂದ.

ಪ್ರಮೀಳಾಗೆ ಮೈ ಉರಿಯಿತು. ಮಗ ಸತ್ತವನನ್ನು ಬೈಯುವುದು ಹೇಗೆಂದು ಹೊರಗಿನ ಬೆಂಚು ತೋರಿಸಿದಳು. ಅಷ್ಟರಲ್ಲಿ ಶ್ರೀರಂಗಪಟ್ಟಣದಿಂದ ಸರ್ಕಲ್ ಸಾಹೇಬರ ಫೋನು ಬಂತು. ನಾಳೆ ಹನ್ನೊಂದಕ್ಕೆ ಹುಡುಗನನ್ನು ಕೋರ್ಟಿಗೆ ಹಾಜರುಪಡಿಸಬೇಕು. ಒಮ್ಮೆ ಕೊಲೆ ಕೇಸಿನಲ್ಲಿ ಒಳಗೆ ಹೋದರೆ ಮತೀನ್ ಕಥೆ ಮುಗಿದಂತೆಯೇ. ಅವಳಿಗಿದ್ದದ್ದು ಹದಿನೇಳು ಗಂಟೆ.

* * *

ಬಾಗಿಲಲ್ಲಿ 'ಚಪ್ಪಲಿ ಹೊರಗೆ ಬಿಡಿ' ಎಂಬ ಬೋರ್ಡು. ಧೂಳು ಬಿದ್ದರೆ ಕಂಪ್ಯೂಟರ್ ಕೆಡುತ್ತದೆಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು, ಪೊಲೀಸರೂ. ಪ್ರಮೀಳಾ ಬೂಟು ಬಿಚ್ಚಿಟ್ಟು ಒಳಗೆ ಬಂದು, ಗಾಜಿನ ಚೂರು ತಪ್ಪಿಸಿ ಹೆಜ್ಜೆಯಿಟ್ಟಳು. ಆಗಲೇ ಅವಳಿಗೆ ನೆಲ ಸರಿಯಾಗಿ ಕಂಡದ್ದು.

ರಕ್ತದ ಹೆಜ್ಜೆ ಗುರುತು ಬಾಗಿಲವರೆಗೂ ಇತ್ತು. ಬರಿಗಾಲು. ಎಡಗಾಲು ಮಾತ್ರ. ಹೆಣದ ರಕ್ತ ತುಳಿದು ಹೋದದ್ದಾದರೆ ಗುರುತು ಹೆಣದ ಹತ್ತಿರ ಶುರುವಾಗಬೇಕಿತ್ತು. ಇದು ಮೇಜಿನ ಬುಡದಿಂದ, ಗಾಜಿನ ರಾಶಿಯಿಂದ ಶುರುವಾಗಿತ್ತು. ಕಿಶನ್‌ನ ಪಾದ ನೋಡಿದಳು. ಗಾಯವಿಲ್ಲ.

ಎಲ್ಲೋ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಬಗ್ಗಿ ನೋಡಿದರೆ ಮೇಜಿನ ಕೆಳಗಿನ ಕಂಪ್ಯೂಟರ್ ಡಬ್ಬದ ಫ್ಯಾನು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಯಾರ ಪುಣ್ಯವೋ, ಭಾನುವಾರವಿಡೀ ಕರೆಂಟು ಹೋಗಿರಲಿಲ್ಲ.

ಮತೀನ್‌ನನ್ನು ಕರೆಸಿದಳು. ಮೊದಲು ಅವನ ಪಾದ ನೋಡಿದಳು, ಎರಡೂ ಚೆನ್ನಾಗಿದ್ದವು. ಆಟ ಹಾಳು ಮಾಡಬೇಕೆಂದಿದ್ದರೆ ನೀನು ಯಾವುದನ್ನು ಒಡೆಯುತ್ತಿದ್ದೆ ಎಂದು ಕೇಳಿದಳು.

"ಕೆಳಗಿನ್ ಡಬ್ಬನ ಮೇಡಂ. ಆಟ ಇರೋದು ಅದ್ರೊಳ್ಗೆ. ಮ್ಯಾಲಿರೋದ್ರಲ್ಲಿ ಬರೀ ಚಿತ್ರ ಕಾಣ್ತದೆ, ಅಷ್ಟೇಯ."

ಪಕ್ಕದ ಮೇಜಿನ ಮಾನಿಟರನ್ನು ತಂದು ಆ ಡಬ್ಬಕ್ಕೆ ಜೋಡಿಸಿದ. ಪರದೆ ಬೆಳಗಿತು. ಒಬ್ಬ ರಾಯಭಾರಿಯ ತಲೆ ನೆಲದ ಮೇಲೆ ಬಿದ್ದಿತ್ತು, ಅವನು ತಂದ ವೀಳ್ಯದ ತಟ್ಟೆ ಮಗುಚಿತ್ತು. ಮುಂದುವರಿಯಲು ಕೀ ಒತ್ತಿ ಎಂದು ಕೆಳಗೆ ಬರೆದಿತ್ತು.

ಜಗಳ ಇದಕ್ಕೇ ಎಂದ ಮತೀನ್. ಸಂಧಾನಕ್ಕೆ ಬಂದವನನ್ನು ಕೊಂದರೆ ಮೂರೇ ನಡೆಯಲ್ಲಿ ಎದುರಾಳಿಯ ಕೋಟೆ ಕೈಸೇರುತ್ತದೆ, ಕೊಂದವನಿಗೆ ಯಾವ ನಷ್ಟವೂ ಇಲ್ಲ. ಇದು ಅನ್ಯಾಯ, ತಪ್ಪಿಗೆ ಬೆಲೆ ಇರಬೇಕು ಎಂದು ಅವನು ಹಟ ಹಿಡಿದಿದ್ದ. ನಮ್ಮಪ್ಪ ಹೇಳಿದ ಕಥೆ, ಹಾಗೇ ಇರಲಿ ಎಂದು ಕಿಶನ್ ಒಪ್ಪಿರಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ನಾಗಮಂಗಲದಲ್ಲಿದ್ದ ಇವನಿಗೆ ಫೋನು ಮಾಡಿ, ಬದಲಾಯಿಸಿದ್ದೀನಿ ಬಂದು ನೋಡು ಅಂದನಂತೆ. ಇದನ್ನು ಯಾರೂ ನಂಬಿರಲಿಲ್ಲ.

ಮತೀನ್ ಕೀ ಒತ್ತಲು ಕೈ ಚಾಚಿದ. ಪ್ರಮೀಳಾ ತಡೆದಳು. ಈ ಚಿತ್ರ ನೋಡುತ್ತ ಯಾವನು ಸ್ಟೂಲು ಎತ್ತಿದನೋ ಅವನ ಮುಂದೆಯೇ ಒತ್ತೋಣ ಎಂದಳು.

* * *

ಬೆಳಿಗ್ಗೆ ಕೆಳಗಿನ ಅಂಗಡಿಯಲ್ಲಿ ಟೀ ಕೇಳಿದಳು. ಅಂಗಡಿಯ ಕೆಂಪಣ್ಣ, ಇಪ್ಪತ್ತೆಂಟರ ಗಟ್ಟಿ ಆಳು, ಕುಂಟುತ್ತ ಬಂದು ಲೋಟ ಇಟ್ಟ. ಎಡಗಾಲಿಗೆ ಬಟ್ಟೆ ಸುತ್ತಿತ್ತು. ದಿನಕ್ಕೆ ನಾಲ್ಕು ಸಲ ಸೆಂಟರಿಗೆ ಟೀ ಒಯ್ಯುತ್ತಿದ್ದವನು ಅವನೇ.

"ಕಬ್ಬಿನ್ ಕೂಳೆ ಚುಚ್ಬುಡ್ತು ಮೇಡಮ್ಮೋರೆ," ಎಂದ, ಅವಳು ಕೇಳುವ ಮೊದಲೇ.

ಪ್ರಮೀಳಾಳೂ ಕಬ್ಬಿನ ಗದ್ದೆಯಲ್ಲೇ ಬೆಳೆದವಳು. ಕಬ್ಬು ಕಡಿದ ಮೇಲೆ ಉಳಿಯುವ ಕೂಳೆ ಚುಚ್ಚಿದರೆ ತೂತಾಗುತ್ತದೆ. ಈ ಬಟ್ಟೆಯ ಮೇಲಿನ ರಕ್ತ ಪಾದದ ಅಡ್ಡಕ್ಕೆ ಗೆರೆ ಎಳೆದಂತಿತ್ತು. ಅವನನ್ನು ನೇರವಾಗಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಚಿಮಟದಲ್ಲಿ ಚೂರೊಂದನ್ನು ಹೊರಗೆಳೆದರು. ದಪ್ಪನೆಯ ಬೂದು ಗಾಜು. ಲೋಟದ್ದಲ್ಲ, ಕಿಟಕಿಯದೂ ಅಲ್ಲ.

* * *

ಹತ್ತೂವರೆಗೆ ಮತೀನ್, ಕುಳ್ಳಯ್ಯ, ಕೆಂಪಣ್ಣ ಎಲ್ಲರೂ ಮೇಲೆ ಸೆಂಟರಿನಲ್ಲಿದ್ದರು. ಪ್ರಮೀಳಾ ಬಿಡಿಸಿ ಹೇಳಿದಳು. ಕೊಂದವನು ಕೊಲ್ಲಬೇಕೆಂದು ಬಂದವನಲ್ಲ. ಬಂದಿದ್ದರೆ ಚಪ್ಪಲಿ ಬಿಚ್ಚಿಟ್ಟು ಬರುತ್ತಿರಲಿಲ್ಲ. ಆಟ ಗಾಜಿನೊಳಗೇ ಇದೆಯೆಂದು ನಂಬಿ ಮಾನಿಟರ್ ಒಡೆದ, ಆದ್ದರಿಂದ ಕಂಪ್ಯೂಟರ್ ಕಲಿತವನಲ್ಲ. ಒಡೆದ ಗಾಜನ್ನೇ ಬರಿಗಾಲಲ್ಲಿ ತುಳಿದ. ಆ ಗಾಜು ಸಿಕ್ಕಿದ್ದು ಕೆಂಪಣ್ಣನ ಕಾಲಲ್ಲಿ.

ಕೆಂಪಣ್ಣ ವಾದ ಮಾಡಲಿಲ್ಲ. ಅವನು ದ್ಯಾವಯ್ಯನ ಮಗ. ಬೂಕನಕೆರೆ ಆಚೆಯ ಎರಡು ಹಳ್ಳಿಗಳಿಗೆ ಹದಿನೇಳು ವರ್ಷದ ಹಿಂದೆ ನಾಲೆ ನೀರಿಗಾಗಿ ಹೊಡೆದಾಟವಾದಾಗ, ಕುಳ್ಳಯ್ಯನ ಮನೆಗೆ ವೀಳ್ಯ ಹಿಡಿದು ರಾಜಿಗೆ ಹೋದವನು ದ್ಯಾವಯ್ಯ. ಹೆಣವಾಗಿ ಬಂದ. ಸಾಕ್ಷಿ ಸಾಲದೆಂದು ಕುಳ್ಳಯ್ಯ ಖುಲಾಸೆಯಾಗಿ, ಆಮೇಲೆ ಅದನ್ನೇ ಯಾವನೋ ರಾಜನ ಜಾಣತನದ ಕಥೆ ಮಾಡಿ ಮಗನಿಗೆ ಹೇಳಿದ. ಮಗ ಅದನ್ನು ಆಟ ಮಾಡಿದ. ಟೀ ಕೊಡಲು ಹೋದಾಗಲೆಲ್ಲ ಆ ತಲೆ ಉರುಳುವುದನ್ನು ಕೆಂಪಣ್ಣ ನೋಡುತ್ತಿದ್ದ.

"ತೆಗ್ದಾಕಪ್ಪ ಅಂತ ಕೇಳಕ್ಕೇ ಓಗಿದ್ದೆ. ಕುಂತ್ಕೋ ತೋರಿಸ್ತೀನಿ ಅಂದ. ತೋರ್ಸೋಕ್ ಓಗಿ ನನ್ ಕಣ್ಮುಂದೆ ಮತ್ತೆ ಕಡ್ದ."

ಪ್ರಮೀಳಾ ಕೀ ಒತ್ತಿದಳು. ಕೋಟೆ ಬಿತ್ತು. ಆಮೇಲೆ ಸುತ್ತಲಿನ ರಾಜ್ಯಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಗೆದ್ದ ರಾಜ ಕಳಿಸಿದ ವೀಳ್ಯವನ್ನು ಯಾರೂ ಮುಟ್ಟಲಿಲ್ಲ. ನಾಲೆಯ ಮೇಲ್ಗಡೆಯವರು ನೀರು ತಡೆದರು. ಗದ್ದೆ ಒಣಗಿತು, ಜನ ಊರು ಬಿಟ್ಟರು. ಕೊನೆಗೆ ಉಳಿದದ್ದು ರಾಜನೊಬ್ಬನೇ. ಇದನ್ನು ಬರೆದದ್ದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಎಂದು ಮತೀನ್ ಡಬ್ಬದಲ್ಲಿ ಹುಡುಕಿ ಹೇಳಿದ.

"ಎರಡು ನಿಮಿಷ ಕಾದಿದ್ದರೆ ಇದನ್ನು ನೋಡುತ್ತಿದ್ದೆ," ಎಂದಳು ಪ್ರಮೀಳಾ.

ಕೆಂಪಣ್ಣ ಪರದೆ ಬಿಟ್ಟು ಕುಳ್ಳಯ್ಯನನ್ನು ನೋಡಿದ. "ಆಟ್ದಾಗೆ ರಾಜಂಗೆ ಶಿಕ್ಷೆ ಆಯ್ತು. ಇವ್ನಿಗೆ ಆಗಿರ್ಲಿಲ್ವಲ್ಲ. ಈಗ ಆಯ್ತು."

"ನಿಮ್ಮಪ್ಪ ಸತ್ತಾಗ ಕಿಶನ್‌ಗೆ ಒಂಬತ್ತು ವರ್ಷ ಕಣಪ್ಪ," ಎಂದಳು ಪ್ರಮೀಳಾ.

"ನಂಗೆ ಅನ್ನೊಂದು. ವೀಳ್ಯದ್ ತಟ್ಟೆ ಇಡ್ಕಂಡು ಅಪ್ಪನ್ ಜೊತೆ ಓಗಿದ್ದೋನು ನಾನೇಯ. ಕೋರ್ಟಲ್ಲೂ ಏಳ್ದೆ. ಉಡ್ಗನ್ ಮಾತು ಅಂದ್ಬುಟ್ರು."

ಪ್ರಮೀಳಾ ಕೆಂಪಣ್ಣನಿಗೆ ಬೇಡಿ ಹಾಕಿಸಿದಳು. ಮತೀನ್‌ಗೆ ಮನೆಗೆ ಹೋಗೆಂದಳು. ಕುಳ್ಳಯ್ಯ ಗೋಡೆ ಹಿಡಿದು ಹಾಗೇ ನೆಲಕ್ಕೆ ಕುಸಿದ. ಬಾಗಿಲಲ್ಲಿ ಅವನ ಊರಿನವರೇ ಏಳೆಂಟು ಜನ ನಿಂತಿದ್ದರು. ಎತ್ತಲು ಒಬ್ಬನೂ ಮುಂದೆ ಬರಲಿಲ್ಲ.