ಮುತ್ತೈದೆಗೆ ಬರೆದ ಓಲೆ

ಕೇಸರಿದುರ್ಗದ ಏಳು ಬಾಗಿಲುಗಳಿಗೂ ಮಾವಿನ ತೋರಣ ಕಟ್ಟಿತ್ತು. ಪಟ್ಟದಾನೆಯ ಹಣೆಗೆ ಹೊಸ ಬಣ್ಣ ಬಿದ್ದಿತ್ತು. ರಾಜಬೀದಿಯ ಉದ್ದಕ್ಕೂ ಚಪ್ಪರದ ಗಳುಗಳನ್ನು ನೆಡುವ ಸದ್ದು. ಅರಸನ ಮಗಳ ಮದುವೆ! ಆದರೆ ಅರಸನು ಹಾಸಿಗೆ ಹಿಡಿದು ಆರು ತಿಂಗಳಾಗಿತ್ತು, ರಾಜ್ಯವೆಲ್ಲ ದಳವಾಯಿ ಚೆಲುವರಸನ ಕೈಯಲ್ಲಿತ್ತು. ಆ ಕೈ ಎಂಥದೆಂದು ಊರಿಗೆಲ್ಲ ಗೊತ್ತು. ಬಾಯಿ ಬಿಡುವವರು ಮಾತ್ರ ಯಾರೂ ಇರಲಿಲ್ಲ.

ಆಮಂತ್ರಣದ ಓಲೆಗಳನ್ನು ಬರೆಯುವ ಭಾರ ಅರಮನೆಯ ಹಿರಿಯ ಲೇಖಕರಾದ ರಾಯಸದ ಅಪ್ರಮೇಯಯ್ಯನವರದು. ಯಾರಿಗೆ ‘ತೀರ್ಥರೂಪ’, ಯಾರಿಗೆ ‘ಚಿರಂಜೀವಿ’, ಯಾವ ಪಾಳೆಯಗಾರನಿಗೆ ಎಷ್ಟು ಬಿರುದು? ಒಂದು ಬಿಟ್ಟುಹೋದರೂ ನೆಂಟರು ಹಗೆಗಳಾಗುತ್ತಿದ್ದ ಕಾಲವದು. ನಲವತ್ತು ವರ್ಷಗಳಲ್ಲಿ ಆ ಮುದುಕರು ಒಂದಕ್ಷರ ತಪ್ಪಿದವರಲ್ಲ.

ಬರುವ ಅತಿಥಿಗಳ ಪಟ್ಟಿಯಲ್ಲಿ ಅರಸನ ಸೋದರಮಾವ, ಮಲೆಕೋಟೆಯ ಬೊಮ್ಮರಸನಾಯಕನ ಹೆಸರು ಮೊದಲನೆಯದು. ಕಡೆಯ ದಿನ ತಾಂಬೂಲವಿತ್ತು ಬೀಳ್ಕೊಡಬೇಕಾದವರ ಪಟ್ಟಿಯಲ್ಲಿ ಆ ಹೆಸರೇ ಇಲ್ಲ.

“ದಳವಾಯಿಗಳೇ, ನಾಯಕರ ಹೆಸರು ಬಿಟ್ಟುಹೋಗಿದೆ.”

“ಬಿಟ್ಟುಹೋಗಿಲ್ಲ, ಅಯ್ಯನವರೇ. ಅವರಿಗೆ ಬೀಳ್ಕೊಡುಗೆ ಬೇಕಾಗುವುದಿಲ್ಲ,” ಎಂದು ಚೆಲುವರಸ ನಕ್ಕ.

ಮಾತಿನ ಅರ್ಥ ಮುದುಕರಿಗೆ ಹೊಳೆಯಿತು. ಬೊಮ್ಮರಸನೊಬ್ಬ ಸತ್ತರೆ ಅರಸನಿಗೆ ದಿಕ್ಕೇ ಇಲ್ಲ. ಹೇಳಿಕಳಿಸೋಣವೆಂದರೆ ಕೋಟೆಬಾಗಿಲಲ್ಲಿ ಪ್ರತಿಯೊಬ್ಬ ದೂತನನ್ನೂ ಶೋಧಿಸುತ್ತಿದ್ದರು. ಗಂಡಸರ ಓಲೆಗಳನ್ನೆಲ್ಲ ದಳವಾಯಿಯೇ ಓದುತ್ತಿದ್ದ. ಅರಿಸಿನ ಕುಂಕುಮದೊಡನೆ ಹೆಂಗಸರಿಗೆ ಬೇರೆಯಾಗಿ ಹೋಗುವ ಓಲೆಗಳನ್ನು ಮಾತ್ರ, “ಇದರಲ್ಲಿ ನೋಡುವುದೇನು ಮಣ್ಣು?” ಎಂದು ಅತ್ತ ತಳ್ಳುತ್ತಿದ್ದ.

ನಾಯಕನ ಪತ್ನಿ ಕೋನಮ್ಮಾಜಿಗೆ ‘ಸೌಭಾಗ್ಯವತಿ’ ಎಂದು ಬರೆಯಬೇಕಾದಲ್ಲಿ ಅಪ್ರಮೇಯಯ್ಯನವರು ವಿಧವೆಯರಿಗೆ ಮೀಸಲಾದ ‘ಗಂಗಾಭಾಗೀರಥೀ ಸಮಾನರಾದ’ ಎಂಬ ಸಂಬೋಧನೆಯನ್ನು ಬರೆದರು.

ಮಲೆಕೋಟೆಯಲ್ಲಿ ಓಲೆ ಬಿಚ್ಚಿದಾಗ ಬೊಮ್ಮರಸ ಕೆಂಡಾಮಂಡಲವಾದ. “ನಾನಿನ್ನೂ ಬದುಕಿದ್ದೇನೆ! ಎಷ್ಟು ಸೊಕ್ಕು ಇವರಿಗೆ!”

ಕೋನಮ್ಮಾಜಿ ಓಲೆಯನ್ನು ತೆಗೆದುಕೊಂಡು ಮತ್ತೊಮ್ಮೆ ಓದಿದಳು. “ಸಿಟ್ಟಾಗಬೇಡಿ. ರಾಯಸದ ಅಯ್ಯನವರು ತಪ್ಪುವವರಲ್ಲ. ತಾವು ಮದುವೆಗೆ ಹೋದರೆ ನನ್ನ ಗತಿ ಇದೇ ಎಂದು ಹೇಳಿದ್ದಾರೆ.”

ನಾಯಕ, ಪತ್ನಿಗೆ ಅಪಮಾನವಾಯಿತು, ಮದುವೆಗೆ ಬಾರೆ ಎಂದು ಉತ್ತರ ಕಳಿಸಿ, ಗುಟ್ಟಾಗಿ ದಂಡು ಕೂಡಿಸತೊಡಗಿದ.

ಆ ಉತ್ತರವನ್ನು ಓದಿದ ದಳವಾಯಿ ಭಟರನ್ನಟ್ಟಿ ಮುದುಕರನ್ನು ಹಿಡಿತರಿಸಿದ. “ಕೈತಪ್ಪಾಯಿತೆಂದು ಕ್ಷಮಾಪಣೆಯ ಓಲೆ ಬರೆಯಿರಿ. ನಾಯಕ ಬರುತ್ತಾನೆ, ನಿಮ್ಮ ತಲೆ ಉಳಿಯುತ್ತದೆ.”

“ಕೈ ತಪ್ಪಿಲ್ಲ, ದಳವಾಯಿಗಳೇ. ತಿಳಿದೇ ಬರೆದೆ.”

“ಯೋಚಿಸಿ ಹೇಳಿ. ಮನೆಯಲ್ಲಿ ಹೆಂಡತಿಯಿದ್ದಾಳೆ.”

“ಅದನ್ನು ಯೋಚಿಸಿಯೇ ಹೇಳಿದ್ದು.”

ಅಂದು ಮಧ್ಯಾಹ್ನವೇ ತೆಂಕಣ ಬಾಗಿಲಲ್ಲಿ ಅವರ ಶಿರಚ್ಛೇದವಾಯಿತು. ಅಯ್ಯೋ, ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ಊರು ಅಂದು ಕದ ಹಾಕಿಕೊಂಡು ಒಳಗೆ ಕುಳಿತಿತ್ತು!

ಬೊಮ್ಮರಸನ ದಂಡು ಬಂದದ್ದು ಮೂರು ದಿನ ತಡವಾಗಿ. ಅರಸ ಉಳಿದ; ಚೆಲುವರಸನ ಕಾಲಿಗೆ ಸಂಕೋಲೆ ಬಿತ್ತು. ನಾಯಕ ಮೈಮೇಲಿನ ನೆತ್ತರನ್ನೂ ತೊಳೆಯದೆ ರಾಯಸದವರ ಮನೆಗೆ ಹೋಗಿ, ಅಪ್ರಮೇಯಯ್ಯನವರ ಮಡದಿ ವೆಂಗಮ್ಮನವರಿಗೆ ಅಡ್ಡಬಿದ್ದ. “ತಾಯೀ, ಏನು ಬೇಕಾದರೂ ಅಪ್ಪಣೆ ಕೊಡಿ.”

“ನನಗೇನು ಬೇಕಪ್ಪ ಇನ್ನು? ಭಟರು ಕರೆಯಲು ಬಂದಾಗ ಅವರು ಒಂದೇ ಮಾತು ಹೇಳಿ ಹೊರಟರು. ಮುತ್ತೈದೆಗೆ ಅಂಥ ಮಾತು ಬರೆದುಬಿಟ್ಟೆ, ಕೋನಮ್ಮಾಜಿಯವರು ನೊಂದುಕೊಂಡಿರುತ್ತಾರೆ, ನೀನು ಹೋಗಿ ಕ್ಷಮೆ ಕೇಳು ಎಂದರು. ನಾನೀಗ ಮುತ್ತೈದೆಯರ ಎದುರಿಗೆ ಬರುವ ಹಾಗಿಲ್ಲ. ನೀವೇ ಹೇಳಿಬಿಡಿ.”