ತಡವಾದದ್ದು ಅವನ ಕೈಯಲ್ಲ

"ನನ್ನ ಪೆಟ್ಟು ನನಗೇ ತಡವಾಗಿ ಕೇಳ್ತಿದೆ."

ಗಾಜಿನ ಆಚೆ ಕೂತಿದ್ದ ಡ್ರಮ್ಮರ್ ಹೆಡ್‌ಫೋನ್ ತೆಗೆದು ಅವಳನ್ನೇ ನೇರವಾಗಿ ನೋಡಿದ. ಮೊದಲ ಭೇಟಿ, ಮೊದಲ ಮಾತು... ಅದೂ ದೂರು.

ಕಂಪ್ಯೂಟರ್ ಮುಂದಿದ್ದ ಅವಳಿಗೆ ಸಿಟ್ಟು ಬಂತು. ಚಿಕ್ಕಪ್ಪನ ಈ ಸ್ಟುಡಿಯೋದಲ್ಲಿ ಹಾಡು ಕಟ್ಟುವುದು ಚಿಕ್ಕಪ್ಪ. ರೆಕಾರ್ಡಿಂಗ್, ಮಿಕ್ಸಿಂಗ್ ಎಲ್ಲ ಅವಳದು. ಅವಳ ಕೆಲಸದಲ್ಲಿ ಇದುವರೆಗೆ ಯಾರೂ ತಪ್ಪು ಹುಡುಕಿರಲಿಲ್ಲ.

"ಅಷ್ಟು ಸಣ್ಣ ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ," ಎಂದಳು ಮೈಕಿನಲ್ಲಿ.

"ನಂಗೆ ಗೊತ್ತಾಗ್ತಿದೆಯಲ್ಲ."

ದನಿಯಲ್ಲಿ ಜಗಳವಿರಲಿಲ್ಲ. ಅವಳು ಪರೀಕ್ಷಿಸಿ ನೋಡಿದಳು. ಅವನು ಹೇಳಿದ್ದು ನಿಜ.

ಕಂಪ್ಯೂಟರಿನೊಳಗೆ ಸದ್ದನ್ನು ತೊಳೆದು ತಿದ್ದುವ ಪ್ಲಗಿನ್‌ಗಳು ತಮ್ಮ ಕೆಲಸಕ್ಕೆ ಒಂದೊಂದು ಕ್ಷಣ ತೆಗೆದುಕೊಳ್ಳುತ್ತವೆ. ಎಲ್ಲಕ್ಕಿಂತ ನಿಧಾನವಾದದ್ದು ಬರುವವರೆಗೆ ಉಳಿದ ಸದ್ದುಗಳನ್ನು ಕಂಪ್ಯೂಟರ್ ತಡೆದು ನಿಲ್ಲಿಸಿ, ಎಲ್ಲವನ್ನೂ ಒಟ್ಟಿಗೆ ಬಿಡುತ್ತದೆ. ಎಲ್ಲ ಸದ್ದುಗಳನ್ನು ಒಂದಾಗಿ ಬೆರೆಸುವ ಮಿಕ್ಸಿಂಗ್‌ಗೆ ಅದು ಬೇಕೇ ಬೇಕು. ನುಡಿಸುವವನಿಗೆ ಮಾತ್ರ ಕಿರಿಕಿರಿ. ಸದ್ದುಗಳನ್ನು ಕಾಯಿಸುವ ಆ ಹೊಂದಾಣಿಕೆಯನ್ನು ಅವಳು ಆಫ್ ಮಾಡಿದಳು.

"ಈಗ?"

"ಈಗ ಸರಿ. ಥ್ಯಾಂಕ್ಸ್." ಅವನು ನಕ್ಕ. ಅವಳ ಸಿಟ್ಟು ಇಳಿಯಲು ಅಷ್ಟು ಸಾಕಾಯಿತು.

ಮಧ್ಯಾಹ್ನ ಚಹಾ ಕುಡಿಯುವಾಗ ಅವನ ಬಲಗೈ ಮಣಿಕಟ್ಟಿನ ಮೇಲೆ ಹೊಲಿಗೆಯ ಗುರುತು ಕಂಡಿತು.

"ಏನಾಗಿತ್ತು?"

"ಮೆಟ್ಟಿಲ ಮೇಲೆ ಜಾರಿದೆ. ಡ್ರಮ್ ಉಳಿಸೋಕೆ ಹೋದೆ, ಕೈ ಕೈಕೊಡ್ತು."

ಅವಳು ನಕ್ಕುಬಿಟ್ಟಳು. ಅವನೂ ನಕ್ಕ. ಆಮೇಲೆ ಲೋಟದೊಳಗೆ ನೋಡುತ್ತಾ ಹೇಳಿದ, "ಆಪರೇಷನ್ ಆದ್ಮೇಲೆ ಇದೇ ಮೊದಲ ರೆಕಾರ್ಡಿಂಗ್. ಕೈ ನಿಧಾನ ಆಗಿದೆಯೇನೋ ಅಂತ ಒಳಗೊಳಗೇ ಹೆದರಿಕೆ. ಅಕ್ಕಂಗೂ ಹೇಳಿಲ್ಲ. ನಿಮಗ್ಯಾಕೆ ಹೇಳಿದ್ನೋ..."

"ನನ್ನಲ್ಲೇ ಇರತ್ತೆ ಬಿಡಿ," ಎಂದಳು ಮೆಲ್ಲಗೆ.

ರೆಕಾರ್ಡಿಂಗ್ ಮುಗಿದ ಮೇಲೂ ಅವನು ಬರುತ್ತಲೇ ಇದ್ದ. ಇವತ್ತು ಡ್ರಮ್ ಕೋಲು ಮರೆತೆ ಅಂತ, ನಾಳೆ ಕೇಬಲ್ ವಾಪಸು ಕೊಡುವುದಿತ್ತು ಅಂತ. ಚಿಕ್ಕಪ್ಪ ಕನ್ನಡಕದ ಮೇಲಿಂದ ನೋಡಿ, "ಈ ಹುಡುಗ ಮರೀತಿರೋದು ಕೋಲನ್ನಲ್ಲ ಪುಟ್ಟಿ, ಮನೆ ದಾರೀನ," ಎಂದರು. ಅವಳ ಕಿವಿ ಕೆಂಪಾಯಿತು.

ಮಿಕ್ಸಿಂಗ್ ಶುರುವಾಯಿತು. ಡ್ರಮ್ ಸದ್ದಿನ ಹಿಂದೆ ಒಂದು ಸಣ್ಣ ಗುಂಯ್‌ಗುಡುವಿಕೆ ಸೇರಿಕೊಂಡಿತ್ತು. ಅದನ್ನು ತೆಗೆಯಲು ಅವಳು ಡ್ರಮ್ಮಿಗೆ ಭಾರಿ ಪ್ಲಗಿನ್ ಒಂದನ್ನು ಹಾಕಿದಳು. ಮರುದಿನ ಮೂವರೂ ಕೂತು ಕೇಳಿದರು.

ಹಾಡು ಕುಂಟುತ್ತಿತ್ತು. ಡ್ರಮ್ ಪ್ರತಿ ಪೆಟ್ಟಿಗೂ ಹಿಂದೆ ಬೀಳುತ್ತಿತ್ತು. ಚಿಕ್ಕಪ್ಪನ ಹುಬ್ಬು ಗಂಟಾಯಿತು.

"ನಾನು ಹೀಗೆ ನುಡಿಸಿಲ್ಲ ಅನಿಸತ್ತೆ..." ಅವನೆಂದ.

"ಕಂಪ್ಯೂಟರ್‌ಗೆ ಸುಳ್ಳು ಹೇಳೋಕೆ ಬರಲ್ಲ. ನೀವು ನುಡಿಸಿದ್ದೇ ಇದು."

ಕೆಲಸದ ಭರದಲ್ಲಿ ಬಂದ ಮಾತು. ಆಡಿದ ಮೇಲೆ ಅವನ ಮುಖ ನೋಡಿದಳು. ಬಣ್ಣವೇ ಹೋಗಿತ್ತು. ಅವನು ಅಂಗಿಯ ತೋಳನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡ.

"ಹಾಗಾದ್ರೆ ಕೈಯೇ," ಎಂದ ತನಗೆ ತಾನೇ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ಬೇರೆಯವರ ಕೈಲಿ ನುಡಿಸ್ಕೊಳ್ಳಿ ಸಾರ್," ಎಂದು ಎದ್ದು ಹೋದ. ಅವಳ ಕಡೆ ನೋಡಲೂ ಇಲ್ಲ.

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು.

'ನಾನೇನು ತಪ್ಪು ಹೇಳಿದೆ? ಇದ್ದದ್ದನ್ನೇ ಹೇಳಿದೆನಲ್ಲ... ಅಷ್ಟಕ್ಕೇ ಮುನಿಸಾ?' ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಆದರೂ ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಕೆಲವು ದಿನಗಳ ನಂತರ ಇನ್ನೊಬ್ಬ ಡ್ರಮ್ಮರ್ ಬಂದರು. ತಾಳದಲ್ಲಿ ಗಡಿಯಾರದಂಥವರೆಂದು ಹೆಸರು ಮಾಡಿದ ಹಿರಿಯರು. ಚೊಕ್ಕವಾಗಿ ನುಡಿಸಿ ಹೋದರು. ಅವಳು ಅದೇ ಪ್ಲಗಿನ್ ಹಾಕಿ ಕೇಳಿದಳು.

ಅವರ ಡ್ರಮ್ಮೂ ಹಿಂದೆ ಬೀಳುತ್ತಿತ್ತು. ಅಷ್ಟೇ ಅಳತೆಗೆ.

ಅವಳು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. 'ಇಬ್ಬರು ಬೇರೆ ಬೇರೆ ಮನುಷ್ಯರು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ತಪ್ಪುತ್ತಾರಾ?'

ಪ್ಲಗಿನ್ ತೆಗೆದಳು. ಡ್ರಮ್ ಹಾಡಿನೊಳಗೆ ಸರಿಯಾಗಿ ಕೂತಿತು. ಮತ್ತೆ ಹಾಕಿದಳು. ಜಾರಿತು. ಆಗ ನೆನಪಾಯಿತು... ಅವನಿಗಾಗಿ ಆಫ್ ಮಾಡಿದ ಹೊಂದಾಣಿಕೆಯನ್ನು ಅವಳು ಮತ್ತೆ ಆನ್ ಮಾಡಿಯೇ ಇರಲಿಲ್ಲ. ಪ್ಲಗಿನ್ ತನ್ನ ಕೆಲಸಕ್ಕೆ ತೆಗೆದುಕೊಂಡ ಅಷ್ಟು ಹೊತ್ತಿನಲ್ಲಿ ಉಳಿದ ವಾದ್ಯಗಳು ಕಾಯದೆ ಮುಂದೆ ನಡೆದುಬಿಟ್ಟಿದ್ದವು.

ಆನ್ ಮಾಡಿ, ಅವನು ನುಡಿಸಿದ್ದನ್ನು ಹಾಕಿದಳು. ಒಂದು ಪೆಟ್ಟೂ ಆಚೀಚೆ ಇರಲಿಲ್ಲ. ಕೇಳುತ್ತಾ ಕೇಳುತ್ತಾ ಕಣ್ಣು ಮಂಜಾಯಿತು.

"ಚಿಕ್ಕಪ್ಪಾ, ತಪ್ಪು ನಂದು," ಎಂದು ಎಲ್ಲ ಹೇಳಿದಳು.

ಚಿಕ್ಕಪ್ಪ ಬೈಯಲಿಲ್ಲ. "ಇದನ್ನ ಕೇಳಬೇಕಾದವನು ನಾನಲ್ಲ ಪುಟ್ಟಿ. ಆ ಹಿರಿಯರಿಗೆ ನಾನು ಹೇಳ್ಕೋತೀನಿ. ನೀನು ಮೊದಲು ಹೊರಡು," ಎಂದರು.

ಅವನ ಮನೆಯ ಬಾಗಿಲು ತೆರೆದದ್ದು ಅವನ ಅಕ್ಕ. ಲ್ಯಾಪ್‌ಟಾಪ್ ಎದೆಗವಚಿ ನಿಂತವಳನ್ನು ಮೇಲಿಂದ ಕೆಳಗೆ ನೋಡಿದಳು.

"ನೀವೇನಾ, ಸುಳ್ಳು ಹೇಳದ ಕಂಪ್ಯೂಟರ್‌ನವರು?"

"ಹೂಂ ಅಕ್ಕಾ. ಸುಳ್ಳು ಹೇಳಿದ್ದು ನಾನೇ."

ಅಕ್ಕ ಪಕ್ಕಕ್ಕೆ ಸರಿದಳು. "ಬನ್ನಿ. ಡ್ರಮ್ ಕೊಳ್ಳೋಕೆ ಯಾರನ್ನೋ ಬರಹೇಳಿದಾನೆ. ಏನಿದ್ರೂ ಬೇಗ ಹೇಳಿ."

ಅವನು ಹಳೆಯ ಹೊದಿಕೆಯಲ್ಲಿ ಡ್ರಮ್ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ. ಅವಳು ಹೆಡ್‌ಫೋನನ್ನು ಅವನ ಕಿವಿಗೆ ಇಟ್ಟಳು. ಮೊದಲು ಕುಂಟುವ ಹಾಡು. ಆಮೇಲೆ ಸರಿಯಾದದ್ದು.

ಅವನ ಬೆರಳು ತೊಡೆಯ ಮೇಲೆ ತಾನಾಗಿ ಆಡತೊಡಗಿತು. ಹಾಡು ಮುಗಿದರೂ ಹೆಡ್‌ಫೋನ್ ತೆಗೆಯಲಿಲ್ಲ. ಕೊನೆಗೆ ಅವಳೇ ತೆಗೆದಳು.

"ನಿಮಗೆ ಅನುಕೂಲ ಆಗಲಿ ಅಂತ ಒಂದು ಸೆಟ್ಟಿಂಗ್ ತೆಗೆದೆ, ಮತ್ತೆ ಹಾಕೋದು ಮರೆತೆ. ಎರಡೂ ನೀವು ನುಡಿಸಿದ್ದೇ. ನಿಮ್ಮ ಕೈ ಎಲ್ಲೂ ತಪ್ಪಿಲ್ಲ. ನೀವು ಅವತ್ತು ನನ್ನ ಜೊತೆ ವಾದ ಮಾಡಬಾರದಿತ್ತಾ?"

"ಬೇರೆ ಯಾರೇ ಅಂದಿದ್ರೂ ಮಾಡ್ತಿದ್ದೆ," ಎಂದ ಅವನು. "ನೀವು ಹೇಳಿದ್ರಿ. ನಂಬಿದೆ."

ಆ ಒಂದು ಮಾತು ಅವಳ ಎದೆಗೆ ನಾಟಿತು.

"ಫೋನ್ ಯಾಕೆ ಎತ್ತಲಿಲ್ಲ?"

"ಕೈಲಾಗದವನ ಹತ್ರ ನಿಮಗೇನು ಮಾತಿರತ್ತೆ ಅಂದ್ಕೊಂಡೆ."

"ಕ್ಷಮೆ ಕೇಳೋದಷ್ಟೇ ಆಗಿದ್ರೆ ಒಂದು ಮೆಸೇಜ್ ಸಾಕಿತ್ತು..." ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ನೀವು ಡ್ರಮ್ ನುಡಿಸಿದ್ರೂ ಸರಿ, ಬಿಟ್ರೂ ಸರಿ. ನಿಮ್ಮನ್ನ ನೋಡದೆ ಇರೋಕೆ ನನ್ನಿಂದ ಆಗ್ತಿಲ್ಲ."

ಅವನು ಈಗ ತಲೆ ಎತ್ತಿದ. ಕಣ್ಣಲ್ಲಿ ನೀರಿತ್ತು.

"ನಾನು ದಿನಾ ನಿಮ್ಮ ಬೀದಿವರೆಗೆ ಬಂದು ವಾಪಸ್ ಹೋಗ್ತಿದ್ದೆ," ಎಂದ.

ಹೊರಗೆ ಯಾರೋ ಬಾಗಿಲು ಬಡಿದರು. ಅಕ್ಕನ ದನಿ ಕೇಳಿತು. "ಡ್ರಮ್ಮಾ? ಯಾವ ಡ್ರಮ್ಮೂ ಮಾರೋಕಿಲ್ಲ. ಹೋಗಿಬನ್ನಿ."

ಇಬ್ಬರಿಗೂ ನಗು ಬಂತು. ಅವನು ತೋಳು ಮೇಲಕ್ಕೆ ಸರಿಸಿ ಬಲಗೈಯನ್ನು ಮುಂದೆ ಚಾಚಿದ.

"ಹಿಡ್ಕೋತೀರಾ?"

"ನೋವಾಗಲ್ವಾ?"

"ಸ್ವಲ್ಪ ಆಗತ್ತೆ."

ಅವಳು ಹೂವು ಎತ್ತುವಷ್ಟು ಮೆಲ್ಲಗೆ ಹಿಡಿದಳು.

"ಇನ್ನೂ ಸ್ವಲ್ಪ ಗಟ್ಟಿಯಾಗಿ," ಎಂದ ಅವನು.