ಹಾಕದೇ ಬಿಟ್ಟ ರೀಲು

"ಆ ಸೀನು ಎಲ್ಲಿ ಓಯ್ತು?"

ಇಂಟರ್‌ವಲ್ ಬೆಲ್ಲು ನಿಲ್ಲುವ ಮೊದಲೇ ಬೆಳ್ಳಮ್ಮ ಮದ್ದೂರಿನ ಟಾಕೀಸಿನ ಕಬ್ಬಿಣದ ಮೆಟ್ಟಿಲು ಹತ್ತಿ ಪ್ರೊಜೆಕ್ಟರ್ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಬೆವರು ಒರೆಸಿಕೊಳ್ಳುತ್ತಿದ್ದ ಆಪರೇಟರ್ ಪುಟ್ಟಸ್ವಾಮಿ ಹಾಗೇ ನಿಂತುಬಿಟ್ಟ. ಹೆಂಗಸರು ಈ ಮೆಟ್ಟಿಲು ಹತ್ತಿದ್ದನ್ನು ಅವನು ಕಂಡಿರಲೇ ಇಲ್ಲ!

"ಯಾವ ಸೀನು?" ಎಂದ, ಗೊತ್ತಿಲ್ಲದವನಂತೆ.

"ನಾಲ್ಕು ಜನ ಟೈಪಿಸ್ಟ್‌ಗಳು ಐದು ಗಂಟೆಗೆ ಮಿಷಿನ್ನಿಗೆ ಮುಸುಕು ಹಾಕಿ, 'ನಮಗೂ ಮನೆ ಇದೆ ಸಾರ್' ಅಂತ ಮ್ಯಾನೇಜರ್ ಎದುರಿಗೇ ನಗ್ತಾ ಎದ್ದೋಗ್ತಾರಲ್ಲ, ಇಂಟರ್‌ವಲ್ ಆದ್ಮೇಲೆ ಬರೋದು, ಅದು! ಮೊದಲನೇ ಶನಿವಾರ ಇತ್ತು. ಆಮೇಲೆ ಹೋದ ಎರಡು ಶನಿವಾರವೂ ಇರ್ಲಿಲ್ಲ. ನಾಳೆ ಪಿಚ್ಚರ್ ಎತ್ತುಬುಡ್ತೀರಂತೆ. ಅದನ್ನ ನೋಡಿ ಗಂಡಸರು ಕೂಗಾಡಿದ್ರು ಅಂತ ಕತ್ತರಿಸಿಬುಟ್ರಾ?"

ಬೆಳ್ಳಮ್ಮನೂ ಟೈಪಿಸ್ಟೇ. ದಿನಾ ಸಂಜೆ ಐದಕ್ಕೆ ಸರಿಯಾಗಿ ಹೆಡ್ ಗುಮಾಸ್ತರು ಇನ್ನೊಂದು ಕಾಗದ ತಂದಿಡುತ್ತಿದ್ದರು. "ಆಗಲಿ ಸಾರ್" ಎಂದು ಹೇಳೀ ಹೇಳೀ ಅವಳ ಬೆರಳಷ್ಟೇ ಅಲ್ಲ, ಮನಸ್ಸೂ ಸೋತಿತ್ತು. ಶನಿವಾರ ಅರ್ಧ ದಿನ ಕೆಲಸ ಮುಗಿಸಿ ಮ್ಯಾಟಿನಿಗೆ ಬಂದು, ಹೆಂಗಸರ ಬೆಂಚಿನಲ್ಲಿ ಕುಳಿತು ಆ ಒಂದು ಸೀನಿಗೆ ಕಾಯುತ್ತಿದ್ದಳು. ತನ್ನ ಕೈಲಾಗದ್ದನ್ನು ಯಾರಾದರೂ ಮಾಡುವುದು ನೋಡಿದರೆ ಇನ್ನೊಂದು ವಾರ ದೂಡಬಹುದು... ಅಷ್ಟೇ ಆಸೆ!

"ಕತ್ತರಿಸಿಲ್ಲ ಕಣ್ರೀ," ಪುಟ್ಟಸ್ವಾಮಿ ತೊದಲಿದ. "ಆ ರೀಲು ಡಬ್ಬೀಲೇ ಐತೆ. ಶನಿವಾರದ ಮ್ಯಾಟಿನೀಲಿ ನಾನೇ ಹಾಕ್ತಿಲ್ಲ. ಹಾಕುದ್ರೆ ಆಟ ಮುಗಿಯೋ ಹೊತ್ಗೆ ನಿಮ್ಮ ವೈದ್ಯನಾಥಪುರದ ಬಸ್ಸು ಹೊರಟೋಯ್ತದೆ. ಮೊದಲನೇ ಶನಿವಾರ ಕಿತ್ತ ಚಪ್ಪಲಿ ಕೈಲಿಡ್ಕೊಂಡು ನಡ್ಕೊಂಡೋದ್ರಲ್ಲ... ಈ ಕಿಟಕಿಯಿಂದ ನೋಡ್ದೆ. ಅವತ್ತು ಅನ್ನ ಸೇರ್ಲಿಲ್ಲ ನಂಗೆ."

ಬೆಳ್ಳಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ನನಗೋಸ್ಕರವಾ...? ನನ್ನೊಬ್ಬಳ ಬಸ್ಸಿಗೋಸ್ಕರ ಊರಿಗೆಲ್ಲ ಸಿನಿಮಾ ಕಡಿಮೆ ಮಾಡಿದನಾ?

ಮನಸ್ಸು ಕರಗಿತು. ಆದರೆ ಮರುಗಳಿಗೆಗೆ ಕಣ್ಣು ತುಂಬಿ ಬಂದದ್ದು ಸಿಟ್ಟಿನಿಂದ.

"ಒಂದು ಮಾತು ಕೇಳ್ಬಾರ್ದಿತ್ತಾ? ಎಷ್ಟೊತ್ತಿಗೆ ಏಳ್ಬೇಕು ಅಂತ ಆಫೀಸ್ನಲ್ಲಿ ಅವ್ರು ಹೇಳ್ತಾರೆ. ಮನೇಲಿ ಅವ್ವ ಹೇಳ್ತಾಳೆ. ಇಲ್ಲಿ ನೀವು! ಸಾಕಾಗೋಗೈತೆ ನಂಗೆ..."

ಪುಟ್ಟಸ್ವಾಮಿ ತಲೆ ತಗ್ಗಿಸಿದ. ಭಾರೀ ಉಪಕಾರ ಮಾಡಿದೆನೆಂದು ಎರಡು ವಾರ ಒಳಗೊಳಗೇ ಬೀಗಿದ್ದ ಪುಣ್ಯಾತ್ಮ!

"ತಪ್ಪಾಯ್ತು. ಈಗ ಕೇಳ್ತೀನಿ. ಹಾಕ್ಲಾ?"

"ಹಾಕಿ."

"ಬಸ್ಸು?"

"ಓಗ್ಲಿ ಬುಡಿ."

ಅವತ್ತು ತೆರೆಯ ಮೇಲೆ ಆ ನಾಲ್ವರು ಎದ್ದು ನಡೆದಾಗ ಬೆಳ್ಳಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಪಕ್ಕದಲ್ಲಿದ್ದ ಮುದುಕಿ ಗಾಬರಿಯಿಂದ ಅವಳ ಬೆನ್ನು ಸವರಿದಳು.

ಹೊರಗೆ ಪುಟ್ಟಸ್ವಾಮಿ ಸೈಕಲ್ ಹಿಡಿದು ನಿಂತಿದ್ದ.

"ಮುಂದಿನ ಆಟಕ್ಕೆ ಇನ್ನೂ ಒಂದು ಗಂಟೆ ಐತೆ. ಜೊತೇಲಿ ಬರ್ಲಾ?"

ಅವಳು ತಲೆಯಾಡಿಸಿದಳು. ನಡುವೆ ಸೈಕಲ್ ಇಟ್ಟುಕೊಂಡು ಇಬ್ಬರೂ ನಡೆದರು. ಊರು ಹಿಂದಾಯಿತು.

"ಇನ್ನೊಂದು ಕೇಳ್ಬೇಕು," ಎಂದ ಕೊನೆಗೆ. "ಬ್ಯಾಡ ಅಂದ್ರೂ ಬೇಜಾರಿಲ್ಲ. ನೀವಂದ್ರೆ ನಂಗೆ ಪ್ರಾಣ ಕಣ್ರೀ... ನಮ್ಮಪ್ಪನ್ನ ನಿಮ್ಮನೆಗೆ ಕಳಿಸ್ಲಾ?"

ಬೆಳ್ಳಮ್ಮನ ಕಾಲು ಒಂದು ಕ್ಷಣ ನಿಂತಿತು.

"ಯೋಚ್ನೆ ಮಾಡಕ್ಕೆ ಎರಡು ದಿನ ಬೇಕು."

"ನಾಕು ತಗೊಳ್ಳಿ."

ಹತ್ತು ಹೆಜ್ಜೆ ನಡೆದಿದ್ದರೇನೋ.

"ಎರಡು ದಿನ ಆಯ್ತು," ಎಂದಳು, ಮುಖ ಅತ್ತ ತಿರುಗಿಸಿ. "ಸೋಮವಾರ ಸಂಜೆ ಕಳಿಸಿ."

"ಸೋಮವಾರವಾ? ನೀವು ಆಫೀಸ್ನಿಂದ ಬಸ್ಸಿಗೆ ಬರೋದೇ ಏಳಾಯ್ತದಲ್ಲ, ದಿನಾ ಕಿಟಕಿಯಿಂದ ನೋಡ್ತೀನಿ..."

"ಇಲ್ಲ. ಅವತ್ತು ಐದಕ್ಕೇ ಮಿಷಿನ್ನಿಗೆ ಮುಸುಕು ಹಾಕಿ ಏಳ್ತೀನಿ."